ಗೆಜ್ಜೆ ಅಜ್ಜಿಯ ಐದು ಮೈಲಿ

ಮೂವತ್ತನಾಲ್ಕು ವರ್ಷ ಒಂದೇ ಅಂಗಳದಲ್ಲಿ ಬಾಳಿದರೂ ಅಲ್ವಿನ್ ಅಟಕಾಯ್ ತನ್ನ ಅತ್ತೆಯ ಮುಖವನ್ನು ಒಂದು ಸಲವೂ ನೋಡಲಿಲ್ಲ. ಜಗಳವಾಗಿತ್ತೇ ಎಂದು ಕೇಳಬೇಡಿ. ಜಗಳವಾಡಬೇಕಾದರೂ ಎದುರಾಬದುರು ನಿಲ್ಲಬೇಕಲ್ಲ! ನಮ್ಮ ದಿನೇ ಜನರಲ್ಲಿ ಅತ್ತೆ ಅಳಿಯ ಒಬ್ಬರನ್ನೊಬ್ಬರು ನೋಡಬಾರದು, ನೇರವಾಗಿ ಮಾತಾಡಬಾರದು. ನೋಡಿದರೆ ಕಣ್ಣು ಹೋಗುತ್ತದೆ ಎಂದು ಹಿರಿಯರ ಮಾತು. ಹೊರಗಿನವರು ನಮ್ಮನ್ನು ನವಾಹೋ ಎನ್ನುತ್ತಾರೆ, ಈ ಕಟ್ಟಳೆ ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರ ಮನೆಗಳಲ್ಲಿ ಅತ್ತೆ ಅಳಿಯ ದಿನಾ ಮುಖ ನೋಡಿಕೊಂಡು ಎಷ್ಟು ಉದ್ಧಾರವಾಗಿದ್ದಾರೆ ಎಂಬುದೂ ನಮಗೆ ಗೊತ್ತಿದೆ.

ಕೆಲವು ಮನೆಗಳಲ್ಲಿ ಮದುವೆಯ ಹೊತ್ತಿಗೇ ಒಂದು ಶಾಸ್ತ್ರ ಮಾಡಿಸಿ ಈ ಕಟ್ಟು ಬಿಡಿಸಿಕೊಳ್ಳುವುದುಂಟು. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಅಲ್ವಿನ್ ಮದುವೆಯಾದಾಗ ಅವನ ಹೆಂಡತಿ ಡೆಲ್ಫೀನ್ ಅದನ್ನೇ ಕೇಳಿದ್ದಳು. ಅವಳಮ್ಮ ಒಪ್ಪಲಿಲ್ಲ.

“ಬೇಡ ಬಿಡೇ. ಮುಖ ನೋಡಿದ್ರೆ ತಾನೇ ಮಾತು, ಮಾತು ಬೆಳೆದ್ರೆ ತಾನೇ ಮುನಿಸು? ನಮ್ಮಮ್ಮ ನಿಮ್ಮಪ್ಪನ್ನ ಒಂದ್ ದಿನಾನೂ ನೋಡ್ಲಿಲ್ಲ. ಇಬ್ರೂ ಸುಖವಾಗಿದ್ರು.”

ಆ ತಾಯಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೋದವರ ಹೆಸರು ಹಿಡಿದು ಕರೆದರೆ ಅವರು ಹೋಗುತ್ತಿರುವ ದಾರಿಯಲ್ಲೇ ನಿಂತು ಹಿಂದಿರುಗಿ ನೋಡುತ್ತಾರಂತೆ. ಯಾಕೆ ಸುಮ್ಮನೆ ಅವಳನ್ನು ತಡೆಯುವುದು? ಊರೆಲ್ಲ ಅವಳನ್ನು ಗೆಜ್ಜೆ ಅಜ್ಜಿ ಎನ್ನುತ್ತಿತ್ತು, ನಮಗೂ ಅದೇ ಸಾಕು. ಅವಳ ಸೊಂಟದ ಪಟ್ಟಿಗೆ ಮೂರು ಬೆಳ್ಳಿ ಗೆಜ್ಜೆ ಹೊಲಿದಿದ್ದವು, ಹಳೇ ನಾಣ್ಯ ಬಡಿದು ಮಾಡಿದವು. ‘ಅಳಿಯಾ, ನಾನು ಬರುತ್ತಿದ್ದೇನೆ, ಮರೆಯಾಗು’ ಎಂದು ಹೇಳುವುದು ಆ ಗೆಜ್ಜೆಯ ಕೆಲಸ. ಹಿಂದೆ ಹೆಣ್ಣುಮಕ್ಕಳನ್ನು ಹೆತ್ತ ತಾಯಂದಿರು ಅಂಥದ್ದನ್ನು ಕಟ್ಟಿಕೊಳ್ಳುತ್ತಿದ್ದರು. ನಮ್ಮ ಕಾಲಕ್ಕೆ ಬಿಡದೆ ಕಟ್ಟಿಕೊಂಡವಳು ಇವಳೊಬ್ಬಳೇ.

ನಮ್ಮಲ್ಲಿ ಗಂಡನೇ ಹೆಂಡತಿಯ ತಾಯಿಯ ಅಂಗಳಕ್ಕೆ ಬರುವುದು. ಮನೆಅಳಿಯ ಎಂದರೆ ನಿಮ್ಮಲ್ಲಿ ಕುಹಕ, ನಮ್ಮಲ್ಲಿ ಅದು ದಿನದ ಬದುಕು. ಅಂಗಳದ ಒಂದು ಬದಿಯಲ್ಲಿ ಅಜ್ಜಿಯ ಎಂಟು ಮೂಲೆಯ ಮಣ್ಣಿನ ಮನೆ, ಮೂಡಲಿಗೆ ಬಾಗಿಲು. ನೂರು ಹೆಜ್ಜೆ ಆಚೆ ಅಲ್ವಿನ್ ಡೆಲ್ಫೀನರ ಮನೆ. ನಡುವೆ ಕುರಿದೊಡ್ಡಿ. ಅಲ್ವಿನ್ ಶಾಲೆಯಲ್ಲಿ ಮಕ್ಕಳಿಗೆ ಓಟ ಕಲಿಸುವ ಕೋಚ್, ಸಂಜೆ ಅವರನ್ನು ಅಂಗಳಕ್ಕೇ ಕರೆತಂದು ಓಡಿಸುತ್ತಿದ್ದ. ಹೊಸದರಲ್ಲಿ ಗೆಜ್ಜೆ ಕೇಳಿದರೆ ಸಾಕು, ಎದ್ದೆನೋ ಬಿದ್ದೆನೋ ಎಂದು ಓಡಿ ಗಾಡಿಯ ಹಿಂದೋ ಹುಲ್ಲಿನ ಮೆದೆಯ ಹಿಂದೋ ಕೂತುಬಿಡುತ್ತಿದ್ದ. ಒಂದು ಸಲ ಕೋಳಿಗೂಡಿನಲ್ಲೇ ಅರ್ಧ ಗಂಟೆ ಕಳೆದಿದ್ದುಂಟು.

ಮುಖ ನೋಡದಿದ್ದರೇನು, ಅತ್ತೆಯನ್ನು ಅವನು ಬಲ್ಲಷ್ಟು ಯಾರೂ ಬಲ್ಲವರಿರಲಿಲ್ಲ. ಮರಳಿನ ಮೇಲೆ ಅವಳ ಹೆಜ್ಜೆ ಗೊತ್ತು, ಬಲಗಾಲು ಕೊಂಚ ಹೊರಕ್ಕೆ ತಿರುಗುತ್ತಿತ್ತು. ನೀಲಿ ಜೋಳದ ಅಂಬಲಿಗೆ ಅವಳು ಹಾಕುವ ಬೂದಿಯ ರುಚಿ ಗೊತ್ತು. ಮಗ್ಗದ ಮುಂದೆ ಕೂತಾಗಿನ ಕೆಮ್ಮು ಗೊತ್ತು. ಹೇಳಬೇಕಾದದ್ದನ್ನು ಅವಳು ನಾಯಿಗೆ ಹೇಳುತ್ತಿದ್ದಳು. ಕರಡಿಯಂತೆ ದಪ್ಪಗಿದ್ದ ಆ ನಾಯಿಯ ಹೆಸರು ಶಾಶ್. ಕುರಿದೊಡ್ಡಿಯ ಆಚೆಯಿಂದ ಜೋರಾಗಿ ಕೇಳಿಸುತ್ತಿತ್ತು:

“ಏ ಶಾಶ್, ಅವನಿಗೆ ಹೇಳು, ದೊಡ್ಡಿ ಬಾಗಿಲು ಹಾಕೋದು ಅಂದ್ರೆ ಅಗುಳಿನೂ ಹಾಕೋದು ಅಂತ. ಓಟ ಕಲಿಸೋನು, ನನ್ನ ಕುರಿಗಳಿಗೂ ಕಲಿಸಿಬಿಟ್ಟಿದಾನೆ!”

ಅಲ್ವಿನ್ ಈ ಕಡೆಯಿಂದ ಅದೇ ನಾಯಿಗೆ ಉತ್ತರ ಕೊಡುತ್ತಿದ್ದ. “ಶಾಶ್, ತಪ್ಪಾಯ್ತು ಅಂತ ಹೇಳಪ್ಪ ಅವರಿಗೆ.”

ನಾಯಿ ಇಬ್ಬರ ಕಡೆಗೂ ನೋಡಿ ಆಕಳಿಸುತ್ತಿತ್ತು.

ಆ ಮನೆಯ ದೊಡ್ಡ ಕೆಲಸವೆಂದರೆ ನೀರು ತರುವುದು. ನೀರು ಕುಡಿದಷ್ಟು ಸುಲಭ ಎನ್ನುತ್ತಾರೆ ಜನ. ನಮ್ಮ ಕಡೆ ಬಂದು ಕುಡಿದು ನೋಡಲಿ! ಹಳೇ ಗಾಡಿಯ ಹಿಂದೆ ನಾಲ್ಕು ಪೀಪಾಯಿ ಹಾಕಿಕೊಂಡು ಇಪ್ಪತ್ತೆರಡು ಮೈಲಿ ಹೋಗಬೇಕು. ಅಲ್ಲಿ ಸರದಿ ನಿಂತು ತುಂಬಿಸಿಕೊಂಡು, ಕುಲುಕಾಡುವ ಮಣ್ಣುದಾರಿಯಲ್ಲಿ ಮನೆಗೆ ಬರುವಷ್ಟರಲ್ಲಿ ಕಾಲುಭಾಗ ದಾರಿಯೇ ಕುಡಿದಿರುತ್ತಿತ್ತು. ಅಲ್ವಿನ್ ಬರುವ ಮೊದಲು ಅಜ್ಜಿಯೇ ಗಾಡಿ ಓಡಿಸಿ ತರುತ್ತಿದ್ದಳು. ಅವನು ಬಂದ ಮೇಲೆ ವಾರಕ್ಕೆರಡು ಸಲ ಅವನು, ಒಂದು ಸಲ ಅವಳು.

ಹಾಗೆಂದು ಮನೆಯ ಹತ್ತಿರ ನೀರಿರಲಿಲ್ಲ ಎಂದಲ್ಲ. ಅರ್ಧ ಮೈಲಿ ದೂರದಲ್ಲಿ ಕಲ್ಲುಬಂಡೆಯ ಸಂದಿಯಿಂದ ಕಾಗೆ ಒರತೆ ಹರಿಯುತ್ತಿತ್ತು. ಅಜ್ಜಿ ಹುಟ್ಟಿದಾಗ ಮೊದಲು ಮೈ ತೊಳೆದದ್ದು ಅದೇ ನೀರಿನಲ್ಲಿ. ದೊಡ್ಡವಳಾದಾಗ ನಮ್ಮ ಪದ್ಧತಿಯಂತೆ ನಾಲ್ಕು ದಿನ ಬೆಳಗಿನ ಜಾವ ಮೂಡಲಿಗೆ ಮುಖ ಮಾಡಿ ಓಡಿದ್ದು ಅದೇ ಒರತೆಯನ್ನು ದಾಟಿ. ಅವಳ ಗಂಡ ಗಣಿಗೆ ಹೋಗುತ್ತಿದ್ದ. ಬಾಂಬು ಮಾಡುವ ಹಳದಿ ಮಣ್ಣು ತೆಗೆಯುವ ಗಣಿ ಅದು. ಸಂಜೆ ಹಳದಿಯಾಗಿ ಬರುತ್ತಿದ್ದ, ಅವಳು ಅವನ ಬಟ್ಟೆಯನ್ನು ಒರತೆಯಲ್ಲಿ ಹಿಂಡಿ ಒಣಗಿಸುತ್ತಿದ್ದಳು. ಮಧ್ಯಾಹ್ನ ಗಣಿಯವರಿಗೆಲ್ಲ ಕೊಡಪಾನದಲ್ಲಿ ಅದೇ ನೀರು ಹೊತ್ತೊಯ್ದು ಕೊಟ್ಟವಳೂ ಅವಳೇ. ಗಂಡ ಎಪ್ಪತ್ತೊಂಬತ್ತರಲ್ಲಿ ಉಸಿರಾಡಲಾಗದೆ ತೀರಿಕೊಂಡ. ಅದೇ ವರ್ಷ ಯಾರೋ ಕಟಕಟ ಎನ್ನುವ ಯಂತ್ರ ಹಿಡಿದುಕೊಂಡು ಬಂದು, ಒರತೆಯ ಮೇಲೆ ಅದನ್ನಿಟ್ಟು, ಮುಖ ಸಣ್ಣದು ಮಾಡಿಕೊಂಡು, “ಇದನ್ನ ಕುಡೀಬೇಡಿ” ಎಂದು ಹೇಳಿ ಹೋದರು. ಯಾವಾಗಿನಿಂದ ಎಂದು ಅಜ್ಜಿ ಕೇಳಿದಳಂತೆ. ಅವರು ಜೀಪು ಹತ್ತಿಯಾಗಿತ್ತು.

“ಉಪ್ಪು ತಿಂದವ್ರು ನೀರು ಕುಡೀಬೇಕು ಅಂತಾರೆ,” ಎನ್ನುತ್ತಿದ್ದಳು ಅವಳು. “ಇಲ್ಲಿ ಉಪ್ಪು ತಿಂದವ್ರು ಯಾರೋ, ನೀರು ಕುಡಿದವ್ರು ನಾವು.”

ಆದರೂ ಒರತೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಕುಡಿಯುತ್ತಿರಲಿಲ್ಲ, ಕುರಿಗಳನ್ನೂ ಬಿಡುತ್ತಿರಲಿಲ್ಲ. ಸುಮ್ಮನೆ ಹೋಗಿ ಪಕ್ಕದಲ್ಲಿ ಕೂತು, ಚಿಟಿಕೆ ಜೋಳದ ಹಿಟ್ಟು ಉದುರಿಸಿ ಬರುತ್ತಿದ್ದಳು. ಕಾಯಿಲೆ ಬಿದ್ದವರನ್ನು ನೋಡಿಕೊಂಡು ಬರುವುದಿಲ್ಲವೇ, ಹಾಗೆ. ತಾನೇ ಕೈಯಾರೆ ಅಷ್ಟು ಜನಕ್ಕೆ ವಿಷ ಹಂಚಿದೆನಲ್ಲಾ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅದನ್ನು ಅವಳು ಮಗಳಿಗೂ ಹೇಳಲಿಲ್ಲ, ನಾಯಿಗೆ ಹೇಳುತ್ತಿದ್ದಳು. ಅಲ್ವಿನ್ ದೊಡ್ಡಿಯ ಈಚೆ ನಿಂತು ಕೇಳಿಸಿಕೊಂಡಿದ್ದ.

ತೊಂಬತ್ತಾರರ ಬೇಸಿಗೆಯಲ್ಲಿ ಆ ದೊಡ್ಡ ಓಟ ಬಂತು. ಉತ್ತರದಲ್ಲಿ, ಕೆನಡಾದ ಹಿಮದ ನಾಡಿನಲ್ಲಿ, ನಮ್ಮ ದಾಯಾದಿಗಳಿದ್ದಾರೆ. ನಮ್ಮದೇ ಮಾತನ್ನು ಒಂದಿಷ್ಟು ಬೇರೆ ರಾಗದಲ್ಲಿ ಆಡುವ ಜನ. ಅವರ ಕೆರೆಯ ದಡದಲ್ಲೂ ಅದೇ ಹಳದಿ ಮಣ್ಣು ತೆಗೆದಿದ್ದರು. ಅವರು ತಮ್ಮ ಕೆರೆಯ ನೀರನ್ನು ಒಂದು ಸೋರೆಬುರುಡೆಯಲ್ಲಿ ತುಂಬಿ ದಕ್ಷಿಣಕ್ಕೆ ಕಳಿಸಿದರು. ಪ್ರತಿಯೊಂದು ಬುಡಕಟ್ಟೂ ತನ್ನ ನೆಲದ ಉದ್ದಕ್ಕೂ ಅದನ್ನು ಓಡುತ್ತಾ ಒಯ್ಯಬೇಕು, ತನ್ನ ನೀರನ್ನು ಒಂದು ಚಮಚ ಸೇರಿಸಬೇಕು, ಮುಂದಿನವರಿಗೆ ಕೊಡಬೇಕು. ಮೂರು ದೇಶ ದಾಟಿ ಮೆಕ್ಸಿಕೋದ ದಕ್ಷಿಣದ ಕಡಲು ಮುಟ್ಟಬೇಕು. ಅಲ್ಲಿ ಎಲ್ಲರೂ ಕೂಡಿ, ನಮಗೆ ಚೊಕ್ಕ ನೀರು ಬೇಕು ಎಂದು ಜಗತ್ತಿಗೆ ಕೇಳುವಂತೆ ಹೇಳಬೇಕು. ಬುರುಡೆ ಗಾಡಿ ಹತ್ತಬಾರದು, ನೆಲ ಮುಟ್ಟಬಾರದು. ಬೆಳಿಗ್ಗೆ ಓಟ ಶುರುವಾದ ಮೇಲೆ ಕೈಯಿಂದ ಕೈಗೇ ಹೋಗಬೇಕು, ಸಂಜೆ ಕೋಲಿಗೆ ತೂಗುಹಾಕಬೇಕು.

ನಮ್ಮ ಪಾಲಿಗೆ ಬಂದದ್ದು ಸ್ಯಾನ್ ಹ್ವಾನ್ ನದಿಯಿಂದ ಮೆಕ್ಸಿಕೋ ಗಡಿಯ ಬೇಲಿಯವರೆಗೆ ನಾನೂರು ಮೈಲಿ. ಎಂಟು ಜನ ಓಟಗಾರರು, ಸರದಿಗೆ ಐದು ಮೈಲಿ. ಮುಂದಾಳು ಅಲ್ವಿನ್. ಆರನೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಒಂದು ಗಂಟೆಯವರೆಗೆ ಮಾತ್ರ ಬೇಲಿಯ ಬಾಗಿಲು ತೆರೆಯುತ್ತೇವೆ ಎಂದು ಕಾವಲಿನವರು ಅಪ್ಪಣೆ ಕೊಟ್ಟಿದ್ದರು. ಆಚೆ ಕಡೆ ಮೆಕ್ಸಿಕೋದ ರಾರಾಮುರಿ ಬುಡಕಟ್ಟಿನ ಓಟಗಾರರು ಕಾದಿರುತ್ತಾರೆ. ಒಂದು ಗಂಟೆ ದಾಟಿತೋ, ಬುರುಡೆ ಈಚೆಗೇ ಉಳಿಯಿತು. ಉತ್ತರದಿಂದ ಅಲ್ಲಿಯವರೆಗೆ ಓಡಿದ ನೂರಾರು ಜನರ ಕಾಲುನೋವು ಮಣ್ಣುಪಾಲು.

ಯಾವ ನೀರು ಸೇರಿಸುವುದು ಎಂಬ ಮಾತು ಬಂತು. ಹಿರಿಯರು ಬೆಟ್ಟದ ಮೇಲಿನ ತಿಳಿನೀರು ತರಿಸಿದ್ದರು. ಗೆಜ್ಜೆ ಅಜ್ಜಿ ಸಭೆಗೆ ಬಂದಳು. ಅಲ್ವಿನ್ ಗೆಜ್ಜೆ ಕೇಳಿ ಹಿಂಬಾಗಿಲಿಂದ ಜಾರಿ, ಕಿಟಕಿಯ ಕೆಳಗೆ ಕೂತ.

“ಕಾಗೆ ಒರತೆ ನೀರೂ ಹೋಗ್ಲಿ,” ಎಂದಳು.

“ಅಯ್ಯೋ ತಾಯಿ, ಅದು ವಿಷ ಅಲ್ವಾ? ಇಷ್ಟು ಜನದ ಒಳ್ಳೇ ನೀರಿಗೆ ಅದನ್ನ ಹಾಕೋದಾ?” ಎಂದರು ಯಾರೋ.

“ಕುಡಿಯೋಕೆ ಒಯ್ತಿದೀರಾ ಅದನ್ನ? ದೂರು ಹೇಳೋಕೆ ತಾನೇ ಒಯ್ತಿರೋದು? ಏಟು ತಿಂದವಳನ್ನ ಮನೇಲಿ ಕೂರಿಸಿ, ನೆಂಟರನ್ನ ಪಂಚಾಯ್ತಿಗೆ ಕಳಿಸಿದ್ರೆ ಯಾರು ನಂಬ್ತಾರೆ?”

ಒಂದು ಚಮಚ ಕಾಗೆ ಒರತೆ ನೀರು ಬುರುಡೆಗೆ ಬಿತ್ತು. ಅಜ್ಜಿ ಹೊರಗೆ ಬಂದು, ಕಿಟಕಿಯ ಕಡೆ ಬೆನ್ನು ಹಾಕಿ, ನಾಯಿಗೆ ಹೇಳಿದಳು. “ಶಾಶ್, ಅವನಿಗೆ ಹೇಳು. ನಾನು ಆ ನೀರನ್ನ ಹೊತ್ತು ಹೊತ್ತು ಜನಕ್ಕೆ ಕೊಟ್ಟೆ. ಈಗ ಅವನು ಹೊತ್ತು ಅದನ್ನ ಕಡಲಿಗೆ ದಾಟಿಸ್ಲಿ. ನಡುದಾರೀಲಿ ಕೈಬಿಡಬಾರ್ದು.”

“ಬಿಡಲ್ಲ ಅಂತ ಹೇಳು, ಶಾಶ್,” ಎಂದ ಅಲ್ವಿನ್.

ಅಜ್ಜಿ ಸುಮ್ಮನಿರಲಿಲ್ಲ, ತಾನೂ ಹೊರಟಳು. ಓಟಗಾರರಿಗೆ ಅಡುಗೆ ಯಾರು ಮಾಡುತ್ತಾರೆ, ಪೀಪಾಯಿ ನೀರು ಯಾರು ತರುತ್ತಾರೆ ಎಂದು ತನ್ನ ಗಾಡಿಯನ್ನೇ ತಂದಳು. ಆ ಐದು ದಿನ ಅಲ್ವಿನ್ ಪಟ್ಟ ಪಾಡು ದೇವರಿಗೇ ಪ್ರೀತಿ. ಅವಳು ಸಾರಿಟ್ಟು, ರೊಟ್ಟಿ ಕರಿದು, ಗೆಜ್ಜೆ ಕುಲುಕಿ ಗಾಡಿಯ ಹಿಂದೆ ಹೋದ ಮೇಲೆ ಇವನು ಬಂದು ಉಣ್ಣಬೇಕು. ಡೆಲ್ಫೀನಳ ದೊಡ್ಡಮ್ಮನ ಮಗ ರಾಸ್ಕೋ ತಂಡದಲ್ಲಿದ್ದ, ಭಾವನನ್ನು ಗೋಳುಹೊಯ್ದುಕೊಳ್ಳಲು ಅವನಿಗೆ ಇಷ್ಟು ಸಾಕು. ಜೇಬಿನಲ್ಲಿ ಬೀಗದ ಕೈಗೊಂಚಲು ಇಟ್ಟುಕೊಂಡು, ಅಲ್ವಿನ್ ತುತ್ತು ಬಾಯಿಗಿಡುವಾಗ ಝಣಝಣ ಎನ್ನಿಸುತ್ತಿದ್ದ. ಅಲ್ವಿನ್ ತಟ್ಟೆ ಸಮೇತ ಗಾಡಿಯಡಿ ನುಗ್ಗುತ್ತಿದ್ದ.

“ಭಾವ, ಓಟದಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ! ಹಿಂದೆ ಚಿಕ್ಕಮ್ಮನ್ನ ಬಿಟ್ರೆ ಸಾಕು, ಕಡಲನ್ನೇ ಮುಟ್ಟಿಬಿಡ್ತೀರ!”

“ಊಟ ಆಗ್ಲಿ ಕಣೋ, ನಿನಗಿದೆ,” ಎನ್ನುತ್ತಿದ್ದ ಇವನು ಗಾಡಿಯಡಿಯಿಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಾಡಿಯ ಆಚೆಯಿಂದ ಅಜ್ಜಿಯ ನಗುವೂ ಕೇಳಿಸುತ್ತಿತ್ತು. ಅವಳ ನಗು ಅಷ್ಟು ಎಳೆಯದು ಎಂದು ಅಲ್ವಿನ್‌ಗೆ ಗೊತ್ತಾದದ್ದು ಆ ಓಟದಲ್ಲೇ.

ಆರನೆಯ ದಿನ. ಉಳಿದದ್ದು ಎರಡೇ ಸರದಿ. ಕೊನೆಯ ಹಿಂದಿನ ಐದು ಮೈಲಿ ವಾಂಡಾ ಎಂಬ ಹುಡುಗಿಯದು, ಕೊನೆಯ ಐದು ಮೈಲಿ ಅಲ್ವಿನ್‌ನದು. ರಾಸ್ಕೋ ಅಲ್ವಿನ್‌ನನ್ನು ಒಣಹಳ್ಳದ ಪಕ್ಕದ ಮೈಲಿಗಲ್ಲಿನ ಹತ್ತಿರ ಇಳಿಸಿ, ಮಿಕ್ಕವರನ್ನು ಕರೆದುಕೊಂಡು ನೇರ ಬೇಲಿಗೆ ಹೋದ. ವಾಂಡಾಳ ಹಿಂದೆ ಅಜ್ಜಿಯ ಗಾಡಿ ಬರುತ್ತಿತ್ತು. ಇನ್ನೇನು, ಎಲ್ಲ ಮುಗಿದಂತೆಯೇ ಎಂದುಕೊಂಡರು.

ಅರ್ಧ ಮೈಲಿ ಹೋಗುವಷ್ಟರಲ್ಲಿ ವಾಂಡಾಳ ಕಾಲು ಹೆಗ್ಗಣದ ಬಿಲಕ್ಕೆ ಸಿಕ್ಕಿ ತಿರುಚಿಕೊಂಡಿತು. ಪುಣ್ಯಾತ್ಗಿತ್ತಿ, ಬಿದ್ದರೂ ಬುರುಡೆಯನ್ನು ಮೇಲೆತ್ತಿ ಹಿಡಿದೇ ಬಿದ್ದಳು. ಅಜ್ಜಿ ಗಾಡಿ ನಿಲ್ಲಿಸಿ ಓಡಿ ಬಂದಳು. ಕಾಲಿನ ಹರಡು ಆಗಲೇ ಬನ್ನಿನಂತೆ ಊದಿತ್ತು.

“ಅಜ್ಜಿ, ನೀವು ಗಾಡೀಲಿ ಹೋಗಿ ಕೋಚ್‌ನ ಕರ್ಕೊಂಡ್ ಬನ್ನಿ. ನಾನು ಬುರುಡೆ ಹಿಡ್ಕೊಂಡು ಕೂತಿರ್ತೀನಿ,” ಎಂದಳು ವಾಂಡಾ ಅಳುತ್ತಾ.

“ಯಾರನ್ನ, ನನ್ನ ಅಳಿಯನ್ನಾ? ಪಕ್ಕದಲ್ಲಿ ಕೂರಿಸ್ಕೊಂಡು ಬರ್ಲಾ? ಬುದ್ಧಿ ಇದೆಯೇನೇ ನಿನಗೆ?”

“ಮತ್ತೆ ಏನ್ ಮಾಡೋದು?”

ಅಜ್ಜಿಗೆ ಆಗ ಐವತ್ತೆಂಟು. ಕಾಲಲ್ಲಿ ಕ್ಯಾನ್ವಾಸ್ ಬೂಟು, ಮೈಮೇಲೆ ಕಣಕಾಲು ಮುಟ್ಟುವ ಮಖಮಲ್ ಲಂಗ. ವಾಂಡಾಳಿಗೆ ನೆರಳಿಗೊಂದು ಕಂಬಳಿ ಕಟ್ಟಿ, ಪಕ್ಕದಲ್ಲಿ ನೀರಿಟ್ಟು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬುರುಡೆ ತೆಗೆದುಕೊಂಡಳು. “ಕಾಲಿಗೆ ಬುದ್ಧಿ ಹೇಳೋದೇ,” ಎಂದಳು. ಹನ್ನೆರಡು ವರ್ಷದವಳಿದ್ದಾಗ ಓಡಿದಂತೆ ಬಾಯಿಬಿಟ್ಟು ಒಂದು ಕೂಗು ಹಾಕಿದಳಂತೆ, ವಾಂಡಾ ಇವತ್ತಿಗೂ ಹೇಳುತ್ತಾಳೆ. ಮೂಡಲಿಗಲ್ಲ, ತೆಂಕಲಿಗೆ ಓಡಿದಳು.

ಇತ್ತ ಅಲ್ವಿನ್ ಮೈಲಿಗಲ್ಲಿನ ಹತ್ತಿರ ಚಡಪಡಿಸುತ್ತಿದ್ದ. ವಾಂಡಾ ಹನ್ನೊಂದೂವರೆಗೆ ಬರಬೇಕಿತ್ತು. ಹನ್ನೆರಡಾಯಿತು. ದಾರಿ ತಿರುವಿನ ಗುಡ್ಡದಾಚೆ ಏನೂ ಕಾಣಲಿಲ್ಲ. ಹನ್ನೆರಡು ಹತ್ತು. ಬಿಡಲ್ಲ ಅಂತ ಹೇಳಿದ್ದೆನಲ್ಲಾ, ಇಲ್ಲಿಯವರೆಗೆ ತಂದು ಇನ್ನು ಹತ್ತೇ ಮೈಲಿ ಇರುವಾಗ ಕೈಬಿಟ್ಟೆನಲ್ಲಾ ಎಂದು ಒದ್ದಾಡಿದ. ಅಷ್ಟರಲ್ಲಿ ಗಾಳಿಯಲ್ಲಿ ಸಣ್ಣಗೆ ಕೇಳಿಸಿತು. ಝಲ್, ಝಲ್, ಝಲ್.

ಹದಿನಾಲ್ಕು ವರ್ಷದ ಅಭ್ಯಾಸ, ಸುಮ್ಮನೆಯೇ? ಅವನು ಯೋಚಿಸಲೂ ಇಲ್ಲ. ಕಾಲು ತಾನಾಗಿ ಓಡಿತು. ಮೈಲಿಗಲ್ಲು ಬಿಟ್ಟು, ಹಳ್ಳಕ್ಕೆ ಧುಮುಕಿ, ಮುಳ್ಳುಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಾನೂರು ಮೈಲಿ ಓಟದ ಮುಂದಾಳು, ಬುರುಡೆ ಬರುವ ಹೊತ್ತಿಗೆ ಪೊದೆಯ ಹಿಂದೆ! ಬೇರೆ ಯಾವ ಜನದ ಓಟಗಾರನಾದರೂ ಇಂಥ ಕೆಲಸ ಮಾಡಿಯಾನೇ? ನಮ್ಮವನೇ ಮಾಡಬೇಕು.

ಗೆಜ್ಜೆ ಹತ್ತಿರ ಬಂದು ನಿಂತಿತು. ಏದುಸಿರು ಕೇಳಿಸಿತು. ಮೈಲಿಗಲ್ಲಿನ ಹತ್ತಿರ ಯಾರೂ ಇಲ್ಲ. ಬುರುಡೆಯನ್ನು ನೆಲಕ್ಕಿಡುವಂತಿಲ್ಲ, ಅಳಿಯನನ್ನು ಕೂಗುವಂತಿಲ್ಲ. ಶಾಶ್ ಊರಲ್ಲಿತ್ತು. ಅಜ್ಜಿ ಬುರುಡೆಗೇ ಹೇಳಿದಳು.

“ಏ ಬುರುಡೆ! ಕೇಳು ಅವನನ್ನ. ‘ಹಿಂದಕ್ಕೆ ನೋಡ್ಬೇಡ, ಕೈ ನಂಬು’ ಅಂತ ಶಾಲೆ ಮಕ್ಕಳಿಗೆ ದಿನಾ ಬಡ್ಕೊಳ್ತಾನಲ್ಲ, ನಾನು ಮಗ್ಗದ ಮುಂದೆ ಕೂತು ಕೇಳಿ ಕೇಳಿ ಕಿವಿ ತೂತಾಗಿದೆ. ಮಕ್ಕಳಿಗೆ ಮಾತ್ರಾನಾ ಅದು? ಅವನಿಗಿಲ್ವಾ?”

ಪೊದೆಯ ಹಿಂದೆ ಅಲ್ವಿನ್‌ಗೆ ಕೆನ್ನೆಗೆ ಹೊಡೆದಂತಾಯಿತು. ರಿಲೇ ಓಟದಲ್ಲಿ ಮುಂದಿನವನು ಹಿಂದೆ ನೋಡುವುದಿಲ್ಲ. ಕೈ ಹಿಂದಕ್ಕೆ ಚಾಚುತ್ತಾನೆ, ಹಿಂದಿನವನು ತಂದು ಕೈಯಲ್ಲಿಡುತ್ತಾನೆ. ಅಂಗಳದಲ್ಲಿ ಮಕ್ಕಳಿಗೆ ಸಾವಿರ ಸಲ ಕಲಿಸಿದ್ದ. ಅತ್ತೆ ಅಳಿಯನಿಗೆಂದೇ ಮಾಡಿದ ಓಟ ಅದು, ಅವನಿಗೆ ಹೊಳೆದಿರಲಿಲ್ಲ ಅಷ್ಟೆ.

ಎದ್ದು ನಿಂತ. ಬೆನ್ನು ಮಾಡಿಕೊಂಡು, ಹಿಮ್ಮುಖವಾಗಿ, ಎಡವುತ್ತಾ ಹಳ್ಳ ಹತ್ತಿ ಬಂದ. ದಾರಿಯ ಮೇಲೆ ತೆಂಕಲಿಗೆ ಮುಖ ಮಾಡಿ ನಿಂತು ಎರಡೂ ಕೈ ಹಿಂದಕ್ಕೆ ಚಾಚಿದ.

ಗೆಜ್ಜೆ ಹತ್ತಿರವಾಯಿತು. ಅಂಗೈಗೆ ಬುರುಡೆ ಬಂದು ಕೂತಿತು. ಅದರ ಜೊತೆಗೆ ಒಂದು ಕ್ಷಣ ಅವಳ ಬೆರಳೂ ತಾಗಿತು. ಮಗ್ಗದ ನೂಲು ಎಳೆದೆಳೆದು ಕಾಯಿಗಟ್ಟಿದ ಬೆರಳು.

“ಬುರುಡೆ, ಅವನಿಗೆ ಹೇಳು,” ಎಂದಿತು ಹಿಂದಿನ ದನಿ, ಉಸಿರು ಸಿಗದೆ. “ಓಡು ಅಂತ.”

ಓಡಿದ. ಕೈಗಡಿಯಾರ ಹನ್ನೆರಡು ಹದಿನೆಂಟು ತೋರಿಸುತ್ತಿತ್ತು. ನಲವತ್ತೆರಡು ವರ್ಷದವನು, ಐದು ದಿನದ ದಣಿವು, ಐದು ಮೈಲಿ, ನಲವತ್ತೆರಡು ನಿಮಿಷ. ಮೂರನೇ ಮೈಲಿಯಲ್ಲಿ ತೊಡೆ ಹಿಡಿದುಕೊಂಡಿತು. ಕುಂಟುತ್ತಾ ಓಡಿದ. ನಾಲ್ಕನೆಯದರಲ್ಲಿ ಕಣ್ಣು ಕತ್ತಲೆ ಬಂತು, ಬುರುಡೆಯೊಳಗಿನ ನೀರಿನ ಗುಳುಗುಳು ಕೇಳಿಸಿಕೊಂಡೇ ಹೆಜ್ಜೆ ಹಾಕಿದ. ಬೇಲಿಯ ಹತ್ತಿರ ರಾಸ್ಕೋ ನೆಗೆನೆಗೆದು ಅರಚುತ್ತಿದ್ದ. ಕಾವಲಿನವನು ಬಾಗಿಲಿಗೆ ಕೈ ಹಾಕಿ ನಿಂತಿದ್ದ. ಒಂದಕ್ಕೆ ನಾಲ್ಕು ನಿಮಿಷ ಬಾಕಿಯಿದ್ದಾಗ ಬುರುಡೆ ಆಚೆಗೆ ದಾಟಿತು. ಟಯರು ಚಪ್ಪಲಿ ಹಾಕಿದ ಒಬ್ಬ ತೆಳ್ಳನೆ ರಾರಾಮುರಿ ಹೆಂಗಸು ಅದನ್ನು ತೆಗೆದುಕೊಂಡು, ಒಂದು ಮಾತೂ ಆಡದೆ, ಗಾಳಿಯಂತೆ ಹೋಗಿಬಿಟ್ಟಳು. ಅಲ್ವಿನ್ ಬೇಲಿ ಹಿಡಿದು ಕೂತು ಮಗುವಿನ ಹಾಗೆ ಅತ್ತ. ರಾಸ್ಕೋ ಅವತ್ತು ಒಂದೇ ಒಂದು ಕುಚೋದ್ಯವನ್ನೂ ಮಾಡಲಿಲ್ಲ.

ಇಪ್ಪತ್ತಾರು ದಿನದ ಮೇಲೆ ಬುರುಡೆ ಕಡಲು ಸೇರಿತು ಎಂದು ಸುದ್ದಿ ಬಂತು. ಅಜ್ಜಿ ಕಾಗೆ ಒರತೆಗೆ ಹೋಗಿ ಬಹಳ ಹೊತ್ತು ಕೂತು ಬಂದಳು. ಆಮೇಲೆ ವಿಷ ಹಂಚಿದ ಮಾತನ್ನು ಅವಳು ನಾಯಿಗೆ ಹೇಳಿದ್ದು ಅಲ್ವಿನ್ ಮತ್ತೆಂದೂ ಕೇಳಲಿಲ್ಲ.

ಓಡಿದ್ದಕ್ಕೆ ನೀರು ಬಂತೇ ಎಂದು ನೀವು ಕೇಳುತ್ತೀರಿ. ಕಡಲಿಗೆ ಕೇಳಿಸಿದ್ದು ಕಚೇರಿಗಳಿಗೆ ಕೇಳಿಸಬೇಕಲ್ಲ! ಬಂದರು, ಅಳೆದರು, ಬಣ್ಣದ ಗೂಟ ನೆಟ್ಟರು, ಹೋದರು. ಗೂಟಗಳನ್ನು ಆಡು ತಿಂದವು. ಮತ್ತೆ ಬಂದರು. ಅಲ್ವಿನ್ ವಾರಕ್ಕೆರಡು ಸಲ ಪೀಪಾಯಿ ತುಂಬಿಸಿ ತರುತ್ತಲೇ ಇದ್ದ. ಶಾಶ್ ಸತ್ತು ಇನ್ನೊಂದು ಶಾಶ್ ಬಂತು, ಅದೂ ಸತ್ತು ಮೂರನೆಯದು ಬಂತು. ಅಜ್ಜಿ ನೀರು ತರುವುದನ್ನು ನಿಲ್ಲಿಸಿದಳು, ಆಮೇಲೆ ನೇಯುವುದನ್ನು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತಿನ್ನತೊಡಗಿತ್ತು. ಎಪ್ಪತ್ತು ದಾಟುವ ಹೊತ್ತಿಗೆ ಬೆಳಕು ಪೂರ್ತಿ ಹೋಯಿತು.

ಊರ ಬಾಯಿಗೆ ಬೀಗ ಹಾಕುವವರು ಯಾರು? “ಅಳಿಯನ್ನ ನೋಡಿರ್ಬೇಕು ಕಣ್ರೀ, ಇಲ್ದಿದ್ರೆ ಯಾಕೆ ಹೋಗ್ತಿತ್ತು ಕಣ್ಣು?” ಎಂದು ಮಾತಾಯಿತು. ಅಲ್ವಿನ್ ಮಾತ್ರ ಎಲ್ಲಿ, ಯಾವಾಗ ತಾನು ಮೈಮರೆತು ಅವಳ ಕಣ್ಣಿಗೆ ಬಿದ್ದೆ ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದ.

ಕೊಳಾಯಿ ಬಂದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ, ಓಟವಾಗಿ ಹದಿನೆಂಟು ವರ್ಷಕ್ಕೆ. ಕೆಲಸದವರು ಅಂಗಳದ ನಡುವೆ ನಲ್ಲಿ ಕೂರಿಸಿ, ಮಧ್ಯಾಹ್ನ ನೀರು ಬಿಡುತ್ತೇವೆ ಎಂದು ಹೋದರು. ಡೆಲ್ಫೀನ್ ಊರ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗಿದ್ದಳು. ಅಂಗಳದಲ್ಲಿ ಅಜ್ಜಿ, ಅಲ್ವಿನ್, ನಾಯಿ, ಅಷ್ಟೇ. ನಲ್ಲಿ ಮೊದಲು ಕೆಮ್ಮಿತು, ಗಾಳಿ ಉಗುಳಿತು, ಕೆಂಪು ನೀರು ಕಕ್ಕಿತು, ಆಮೇಲೆ ತಿಳಿಯಾಗಿ ಸುರಿಯತೊಡಗಿತು.

“ಏ ಶಾಶ್,” ಮನೆಯ ಬಾಗಿಲಿಂದ ಅಜ್ಜಿಯ ದನಿ. “ನೀರು ಬಂತೇನೋ?”

ಮಗಳು ಬರಲು ಸಂಜೆಯಾಗುತ್ತದೆ. ಅಲ್ಲಿಯವರೆಗೆ ಅವಳನ್ನು ಬಾಗಿಲಲ್ಲಿ ಕೂರಿಸುವುದೇ? ಅಲ್ವಿನ್ ಕುರಿ ಕಾಯುವ ಉದ್ದನೆ ಕೋಲು ತೆಗೆದುಕೊಂಡ. ಬೆನ್ನು ಮಾಡಿಕೊಂಡು ಬಾಗಿಲ ಹತ್ತಿರ ಹಿಮ್ಮುಖವಾಗಿ ಹೋಗಿ, ಕೋಲಿನ ತುದಿಯನ್ನು ಹಿಂದಕ್ಕೆ ಚಾಚಿದ. “ಶಾಶ್, ಕೋಲು ಹಿಡ್ಕೊಳ್ಳಿ ಅಂತ ಹೇಳು,” ಎಂದ. ಕೋಲು ಬಿಗಿಯಾಯಿತು. ಅವನು ಮುಂದೆ, ಅವಳು ಹಿಂದೆ, ಗೆಜ್ಜೆ ನಿಧಾನಕ್ಕೆ ಝಲ್, ಝಲ್ ಎನ್ನುತ್ತಾ ಅರ್ಧ ಅಂಗಳ ದಾಟಿ ನಲ್ಲಿ ಮುಟ್ಟಿತು.

ಅವಳು ನೀರಿಗೆ ಕೈಯೊಡ್ಡಿದಳು. ಸದ್ದು ಬದಲಾದದ್ದರಿಂದ ಅವನಿಗೆ ಗೊತ್ತಾಯಿತು. ಮುಖ ತೊಳೆದಳು, ತೋಳು ತೊಳೆದಳು. ಆಮೇಲೆ ನಾಯಿಗೆ ಮಾತಾಡಿದಳು.

“ಶಾಶ್, ಅವನಿಗೊಂದು ಮಾತು ಹೇಳು. ಊರವ್ರು ಹೇಳೋದು ನಿಜ. ನಾನು ನೋಡಿದೀನಿ. ಆವತ್ತು ಬುರುಡೆ ಕೊಟ್ಟು ತಿರುಗಿ ಬರ್ಬೇಕಿತ್ತು. ಬರ್ಲಿಲ್ಲ. ಅಲ್ಲೇ ನಿಂತು, ಅವನು ಓಡೋದನ್ನ ಇರುವೆಯಷ್ಟಾಗೋವರ್ಗೂ ನೋಡ್ದೆ. ನನ್ನ ನೀರು ಹೊತ್ಕೊಂಡು ಹೋಗ್ತಿದ್ದ, ಹೇಗೆ ನೋಡ್ದೆ ಇರೋದು? ಬೆನ್ನು ಅಷ್ಟೇ. ಬೆನ್ನು ನೋಡಿದ್ದಕ್ಕೂ ಕಣ್ಣು ಹೋಗುತ್ತೇನೋ, ನನಗೆ ತಿಳೀದು. ಹೋದ್ರೆ ಹೋಗ್ಲಿ. ಬೇಜಾರಿಲ್ಲ ಅಂತ ಹೇಳು.”

ಅಲ್ವಿನ್‌ನ ಕಣ್ಣು ತುಂಬಿ ಎದುರ ಗುಡ್ಡ ಮಸುಕಾಯಿತು. ಒಂದು ಸಲ ತಿರುಗಿದರೆ ಸಾಕು, ಅವಳನ್ನು ನೋಡಬಹುದಿತ್ತು. ಅವಳಿಗಂತೂ ತಿಳಿಯುತ್ತಿರಲಿಲ್ಲ. ತಿರುಗಲಿಲ್ಲ. ಬಗ್ಗಿ, ಪಕ್ಕಕ್ಕೆ ಕೈ ಚಾಚಿ, ತವರದ ಲೋಟ ನಲ್ಲಿಗೆ ಹಿಡಿದು ತುಂಬಿಸಿದ. ತೆಂಕಲಿಗೆ ಮುಖ ಮಾಡಿ ನಿಂತು, ತುಳುಕದಂತೆ, ಲೋಟವನ್ನು ಹಿಂದಕ್ಕೆ ಚಾಚಿದ. ಕಾಯಿಗಟ್ಟಿದ ಬೆರಳು ಅವನ ಬೆರಳಿಗೆ ತಾಗಿತು, ಲೋಟ ಹೋಯಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿದ. ಮೊಲ ಕಂಡಿತೋ ಏನೋ, ಶಾಶ್ ಅಷ್ಟರಲ್ಲಿ ದೊಡ್ಡಿಯಾಚೆ ಓಡಿಹೋಗಿತ್ತು, ಅದರ ಬೊಗಳು ದೂರದಲ್ಲಿ ಕೇಳಿಸುತ್ತಿತ್ತು. ಅಜ್ಜಿಗೂ ಅದು ಕೇಳಿಸಿರಬೇಕು.

ಖಾಲಿ ಲೋಟ ಅವನ ಅಂಗೈಗೆ ವಾಪಸು ಬಂತು.

“ಇನ್ನೊಂದು ಲೋಟ ಕೊಡು ಮಗಾ,” ಎಂದಳು.